ಹಳೆಯ ಕಂಪ್ಯೂಟರಿನ ಅನುಕರಣೆ: ಸಾಫ್ಟ್‌ವೇರ್ ‘ನಕಲಿ’, ಎಫ್‌ಪಿಜಿಎ ‘ಅಸಲಿ’ ಎನ್ನುವುದು ನಿಜವೇ?

ಕೊಮೊಡೋರ್ 64, ಜೆಡ್‌ಎಕ್ಸ್ ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೋ – 1980ರ ದಶಕದ ಆರಂಭದಲ್ಲಿ ಮನೆಯ ಟಿವಿಗೆ ಜೋಡಿಸಿ ಬಳಸುತ್ತಿದ್ದ ಕಂಪ್ಯೂಟರುಗಳಿವು. ಇವು ಅಂಗಡಿಗಳಿಂದ ಮರೆಯಾಗಿ ಮೂವತ್ತು ವರ್ಷಗಳೇ ಕಳೆದಿವೆ. ಆದರೂ ಇವುಗಳಿಗೆಂದು ಬರೆದ ಸಾವಿರಾರು ಪ್ರೋಗ್ರಾಮ್‌ಗಳು ಇಂದಿಗೂ ಓಡುತ್ತಿವೆ. ಕೆಲವರು ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಂಡು ಓಡಿಸುತ್ತಾರೆ. ಇನ್ನು ಕೆಲವರು ಎಫ್‌ಪಿಜಿಎ ಎಂಬ ಚಿಪ್ ಇರುವ ಪುಟ್ಟ ಯಂತ್ರವನ್ನು ಕೊಂಡು ಓಡಿಸುತ್ತಾರೆ.

ಈ ಎರಡನೆಯ ಬಗೆಯ ಯಂತ್ರಗಳ ಬಗ್ಗೆ ಒಂದು ಮಾತು ಬಹಳ ಚಾಲ್ತಿಯಲ್ಲಿದೆ: “ಸಾಫ್ಟ್‌ವೇರ್ ಎಮ್ಯುಲೇಟರ್ ಬರೀ ನಟನೆ. ಎಫ್‌ಪಿಜಿಎ ಎಮ್ಯುಲೇಶನ್ ಅಲ್ಲವೇ ಅಲ್ಲ, ಅದು ಅಸಲಿ ಯಂತ್ರ. ಅದರಲ್ಲಿ ತಪ್ಪು ಇರುವುದಿಲ್ಲ, ತಡವೂ ಆಗುವುದಿಲ್ಲ.” ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ತಪ್ಪು ತಿಳಿವಳಿಕೆ ಇದೆ. ಯಾವುದು ಎಷ್ಟು ಎಂದು ಈ ಬರಹದಲ್ಲಿ ನೋಡೋಣ.

ಎಮ್ಯುಲೇಟರ್ ಮಾಡುವ ಕೆಲಸವೇನು?

ಹಳೆಯ ಕಂಪ್ಯೂಟರಿನ ಪ್ರೋಗ್ರಾಮ್ ಅದರ ಪ್ರೊಸೆಸರಿನ ಭಾಷೆಯಲ್ಲಿ ಇರುತ್ತದೆ. ಸ್ಪೆಕ್ಟ್ರಮ್‌ನಲ್ಲಿದ್ದದ್ದು ಜೆಡ್80 ಪ್ರೊಸೆಸರ್. ಕೊಮೊಡೋರ್ 64ರಲ್ಲಿದ್ದದ್ದು 6502ರ ತಮ್ಮನಂತಿದ್ದ 6510. ಇಂದಿನ ಲ್ಯಾಪ್‌ಟಾಪಿಗೆ ಈ ಭಾಷೆಗಳು ಬರುವುದಿಲ್ಲ. ಹಾಗಾಗಿ ನಡುವೆ ಯಾರಾದರೂ ಕುಳಿತು, ಆ ಪ್ರೋಗ್ರಾಮಿನ ಒಂದೊಂದು ಆದೇಶವನ್ನೂ ಓದಿ, ಹಳೆಯ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸಬೇಕು. ಹೀಗೆ ಮಾಡಿ ತೋರಿಸುವುದೇ ಎಮ್ಯುಲೇಟರ್.

ಪ್ರೊಸೆಸರ್ ಒಂದನ್ನೇ ಅನುಕರಿಸಿದರೆ ಸಾಲದು. ಪರದೆಯ ಮೇಲೆ ಚಿತ್ರ ಬಿಡಿಸುವ ಚಿಪ್, ಸದ್ದು ಮಾಡುವ ಚಿಪ್, ಕೀಲಿಮಣೆ, ಕ್ಯಾಸೆಟ್ ಟೇಪು, ಫ್ಲಾಪಿ ಡ್ರೈವು – ಎಲ್ಲವೂ ಬೇಕು. ಕೊಮೊಡೋರ್ 64ರ 1541 ಫ್ಲಾಪಿ ಡ್ರೈವಿನ ಒಳಗೆ ಅದರದೇ ಆದ ಇನ್ನೊಂದು 6502 ಪ್ರೊಸೆಸರ್ ಇತ್ತು. ಆ ಡ್ರೈವು ಬಹಳ ನಿಧಾನವಾಗಿದ್ದರಿಂದ, ಆಟ ಬರೆಯುವವರು ಡ್ರೈವಿನೊಳಗೂ ತಮ್ಮದೇ ಪ್ರೋಗ್ರಾಮ್ ಕಳಿಸಿ, ಎರಡು ಪ್ರೊಸೆಸರುಗಳು ಒಂದೇ ತಾಳದಲ್ಲಿ ಮಾತನಾಡುವಂತೆ ಮಾಡಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಅಂಥ ಆಟವನ್ನು ಓಡಿಸಬೇಕಾದರೆ ಎಮ್ಯುಲೇಟರ್ ಒಂದಲ್ಲ, ಎರಡು ಕಂಪ್ಯೂಟರುಗಳನ್ನು ಒಟ್ಟಿಗೆ ಅನುಕರಿಸಬೇಕು.

ನಿಖರತೆ ಯಾಕೆ ಇಷ್ಟು ಮುಖ್ಯ?

ಆ ಕಾಲದ ಯಂತ್ರಗಳಲ್ಲಿ ಸಮಯವೂ ಒಂದು ಸಾಧನವಾಗಿತ್ತು. ಸ್ಪೆಕ್ಟ್ರಮ್ 48ಕೆ ಮಾದರಿಯನ್ನೇ ತೆಗೆದುಕೊಳ್ಳೋಣ. ಅದರ ಜೆಡ್80 ಪ್ರೊಸೆಸರ್ ಸೆಕೆಂಡಿಗೆ 35 ಲಕ್ಷ ಬಾರಿ ಮಿಡಿಯುತ್ತದೆ. ಟಿವಿಯ ಒಂದು ಚಿತ್ರಕ್ಕೆ 312 ಗೆರೆಗಳು, ಪ್ರತಿ ಗೆರೆಗೆ 224 ಮಿಡಿತಗಳು. ಒಟ್ಟು 69,888 ಮಿಡಿತಗಳಿಗೆ ಒಂದು ಚಿತ್ರ, ಸೆಕೆಂಡಿಗೆ ಸುಮಾರು 50 ಚಿತ್ರ.

ಈ ಚಿತ್ರವನ್ನು ಬಿಡಿಸುವುದು ಯುಎಲ್‌ಎ ಎಂಬ ಚಿಪ್. ಚಿತ್ರದ ಮಾಹಿತಿ ಇರುವ 16 ಕಿಲೋಬೈಟ್ ಮೆಮೊರಿಯನ್ನು ಯುಎಲ್‌ಎ ಮತ್ತು ಪ್ರೊಸೆಸರ್ ಎರಡೂ ಹಂಚಿಕೊಳ್ಳುತ್ತವೆ. ಒಂದೇ ಬಾವಿಗೆ ಇಬ್ಬರು ಕೊಡ ಹಿಡಿದು ಬಂದಂತೆ. ಯುಎಲ್‌ಎ ನೀರು ಸೇದುವಾಗ ಪ್ರೊಸೆಸರ್ ಕಾಯಬೇಕು. ಎಷ್ಟು ಕಾಯಬೇಕು ಎನ್ನುವುದು ಅದು ಯಾವ ಮಿಡಿತದಲ್ಲಿ ಬಂತು ಎನ್ನುವುದರ ಮೇಲೆ ನಿಂತಿದೆ: 6, 5, 4, 3, 2, 1, 0, 0 – ಎಂಟು ಮಿಡಿತಗಳ ಈ ಸರಣಿ ಚಿತ್ರ ಬಿಡಿಸುವ ಹೊತ್ತಿನಲ್ಲೆಲ್ಲ ಮತ್ತೆ ಮತ್ತೆ ಬರುತ್ತದೆ.

ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಎಮ್ಯುಲೇಟರಿನಲ್ಲಿ ಎಷ್ಟೋ ಆಟಗಳು ಓಡುತ್ತವೆ. ಆದರೆ ಸಮಯವನ್ನು ಎಣಿಸಿ ಎಣಿಸಿ ಬರೆದ ಪ್ರೋಗ್ರಾಮ್‌ಗಳಲ್ಲಿ ಬಣ್ಣ ತಪ್ಪು ಜಾಗದಲ್ಲಿ ಬೀಳುತ್ತದೆ. ಟೇಪಿನಿಂದ ಆಟ ಲೋಡ್ ಆಗುವಾಗ ಪರದೆಯ ಅಂಚಿನಲ್ಲಿ ಓಡುವ ಬಣ್ಣದ ಪಟ್ಟೆಗಳು ಇದಕ್ಕೆ ಸರಳ ಉದಾಹರಣೆ. ಒಂದು ಚಿತ್ರ ಮುಗಿಯುವುದರೊಳಗೆ ಅಂಚಿನ ಬಣ್ಣ ಹಲವು ಸಲ ಬದಲಾದಾಗ ಆ ಪಟ್ಟೆಗಳು ಮೂಡುತ್ತವೆ. ಅಂಚಿನ ಬಣ್ಣವನ್ನು ಚಿತ್ರಕ್ಕೆ ಒಮ್ಮೆ ಮಾತ್ರ ನೋಡುವ ಎಮ್ಯುಲೇಟರಿನಲ್ಲಿ ಪಟ್ಟೆಗಳೇ ಇರುವುದಿಲ್ಲ, ಇಡೀ ಅಂಚು ಮಿನುಗುತ್ತದೆ ಅಷ್ಟೇ.

ಎರಡು ದಾರಿಗಳು: ಒಬ್ಬ ಭಟ್ಟರು, ನಾಲ್ವರು ಭಟ್ಟರು

ಸಾಫ್ಟ್‌ವೇರ್ ದಾರಿಯಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್ ಎಲ್ಲ ಚಿಪ್‌ಗಳ ಕೆಲಸವನ್ನೂ ತಾನೊಬ್ಬನೇ ಸರದಿಯಂತೆ ಮಾಡುತ್ತದೆ. ಒಂದು ಮಿಡಿತದಷ್ಟು ಹಳೆಯ ಪ್ರೊಸೆಸರಿನ ಕೆಲಸ, ಬಳಿಕ ಚಿತ್ರದ ಚಿಪ್ಪಿನದು, ಬಳಿಕ ಸದ್ದಿನ ಚಿಪ್ಪಿನದು, ಮತ್ತೆ ಮೊದಲಿನಿಂದ. ಕೊಮೊಡೋರ್ 64ಕ್ಕೆ ವೈಸ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಬಿಬಿಸಿ ಮೈಕ್ರೋಗೆ ಬ್ರೌಸರಿನಲ್ಲೇ ಓಡುವ ಜೆಎಸ್‌ಬೀಬ್ – ಇವೆಲ್ಲ ಈ ಬಗೆಯವು.

ಎಫ್‌ಪಿಜಿಎ ಎಂದರೆ ಕಾರ್ಖಾನೆಯಿಂದ ಹೊರಬಂದ ಮೇಲೂ ಒಳಗಿನ ಜೋಡಣೆಯನ್ನು ಬದಲಾಯಿಸಬಹುದಾದ ಚಿಪ್. ಅದರೊಳಗೆ ಸಾವಿರಾರು ಪುಟ್ಟ ತರ್ಕದ ಘಟಕಗಳಿರುತ್ತವೆ. ಯಾವ ಘಟಕ ಏನು ಮಾಡಬೇಕು, ಯಾವುದಕ್ಕೆ ಯಾವುದು ಜೋಡಣೆಯಾಗಬೇಕು ಎಂದು ವೆರಿಲಾಗ್ ಅಥವಾ ವಿಎಚ್‌ಡಿಎಲ್ ಎಂಬ ಭಾಷೆಯಲ್ಲಿ ಬರೆದಿಡುತ್ತಾರೆ. ಯಂತ್ರ ಶುರುವಾದಾಗ ಆ ಬರಹದಂತೆ ಚಿಪ್ ಸಿದ್ಧವಾಗುತ್ತದೆ. 2017ರಲ್ಲಿ ಶುರುವಾದ ಮಿಸ್ಟರ್ ಎಂಬ ಮುಕ್ತ ಯೋಜನೆ ಬಳಸುವ ಡಿಇ10-ನ್ಯಾನೋ ಬೋರ್ಡಿನಲ್ಲಿ ಇಂಥ ಸುಮಾರು 1,10,000 ಘಟಕಗಳಿವೆ. ಒಂದೇ ಬೋರ್ಡು ಬೆಳಿಗ್ಗೆ ಸ್ಪೆಕ್ಟ್ರಮ್ ಆಗಬಹುದು, ಸಂಜೆ ಕೊಮೊಡೋರ್ ಆಗಬಹುದು. ಸ್ಪೆಕ್ಟ್ರಮ್ ನೆಕ್ಸ್ಟ್ ಎಂಬ ಹೊಸ ಕಂಪ್ಯೂಟರಿನ ಒಳಗಿರುವುದೂ ಎಫ್‌ಪಿಜಿಎಯೇ.

ಮದುವೆ ಮನೆಯ ಅಡುಗೆಗೆ ಹೋಲಿಸಿ ನೋಡಿ. ಎಫ್‌ಪಿಜಿಎಯಲ್ಲಿ ನಾಲ್ಕು ಒಲೆಗೆ ನಾಲ್ವರು ಭಟ್ಟರು. ಒಂದೇ ಹೊತ್ತಿಗೆ ಸಾರು, ಪಲ್ಯ, ಪಾಯಸ, ಅನ್ನ ಬೇಯುತ್ತವೆ. ಸಾಫ್ಟ್‌ವೇರ್‌ನಲ್ಲಿ ಒಬ್ಬರೇ ಭಟ್ಟರು, ಆದರೆ ಅತಿ ಚುರುಕಿನವರು. ಒಲೆಯಿಂದ ಒಲೆಗೆ ಓಡುತ್ತಾ ನಾಲ್ಕನ್ನೂ ನೋಡಿಕೊಳ್ಳುತ್ತಾರೆ. ಈ ಚಿತ್ರ ನೆನಪಿನಲ್ಲಿದ್ದರೆ ಮುಂದಿನ ಮೂರು ನಂಬಿಕೆಗಳನ್ನು ಪರಿಶೀಲಿಸುವುದು ಸುಲಭ.

ನಂಬಿಕೆ 1: ಒಂದಾದ ಮೇಲೊಂದು ಕೆಲಸ ಮಾಡುವ ಸಾಫ್ಟ್‌ವೇರ್ ಎಂದೂ ನಿಖರವಾಗಿರದು

ಇದು ತಪ್ಪು. ಊಟಕ್ಕೆ ಕುಳಿತವರಿಗೆ ಎಲೆಯ ಮೇಲೆ ಯಾವಾಗ ಏನು ಬಿತ್ತು ಎನ್ನುವುದಷ್ಟೇ ಮುಖ್ಯ. ಹೊತ್ತಿಗೆ ಸರಿಯಾಗಿ ಎಲ್ಲವೂ ಬಂದರೆ ಅಡುಗೆ ಮನೆಯಲ್ಲಿ ಒಬ್ಬರಿದ್ದರೋ ನಾಲ್ವರಿದ್ದರೋ ತಿಳಿಯುವುದಿಲ್ಲ. ಹಾಗೆಯೇ ಪ್ರತಿ ಮಿಡಿತದ ಕೊನೆಯಲ್ಲಿ ಎಲ್ಲ ಚಿಪ್‌ಗಳೂ ಇರಬೇಕಾದ ಸ್ಥಿತಿಯಲ್ಲಿದ್ದರೆ, ಆ ಸ್ಥಿತಿಗೆ ಅವು ಒಟ್ಟಿಗೆ ಬಂದವೋ ಸರದಿಯಲ್ಲಿ ಬಂದವೋ ಎಂದು ಓಡುತ್ತಿರುವ ಪ್ರೋಗ್ರಾಮಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆಯೇ? ಯುರೋಪಿನ ಕೊಮೊಡೋರ್ 64 ಸೆಕೆಂಡಿಗೆ 9,85,248 ಬಾರಿ ಮಿಡಿಯುತ್ತಿತ್ತು. ಇಂದಿನ 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಅಂದರೆ ಹಳೆಯ ಯಂತ್ರದ ಒಂದು ಮಿಡಿತಕ್ಕೆ ಹೊಸದರ ಸುಮಾರು 3,000 ಮಿಡಿತಗಳು ಸಿಗುತ್ತವೆ. ನಮ್ಮ ಭಟ್ಟರಿಗೆ ಇದು ಧಾರಾಳ.

1990ರ ದಶಕದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಆಗಿನ ಪಿಸಿಗಳು ನಿಧಾನ, ಹಾಗಾಗಿ ಎಮ್ಯುಲೇಟರ್ ಬರೆದವರು ಅಡ್ಡದಾರಿ ಹಿಡಿಯಲೇಬೇಕಿತ್ತು. ಒಂದೊಂದು ಮಿಡಿತಕ್ಕೂ ಲೆಕ್ಕ ಇಡುವ ಬದಲು ಒಂದು ಆದೇಶಕ್ಕೋ ಒಂದು ಗೆರೆಗೋ ಒಮ್ಮೆ ಲೆಕ್ಕ ಹಾಕುತ್ತಿದ್ದರು. ‘ಸಾಫ್ಟ್‌ವೇರ್ ಎಂದರೆ ಅಂದಾಜು’ ಎಂಬ ಹೆಸರು ಅಂಟಿಕೊಂಡದ್ದು ಆ ಕಾಲದಲ್ಲಿ. ಇಂದು ವೈಸ್‌ನಲ್ಲೇ ಎರಡು ಆವೃತ್ತಿಗಳಿವೆ: ವೇಗಕ್ಕೆ ಒತ್ತು ಕೊಟ್ಟ ಹಳೆಯದು ಒಂದು, ಒಂದೊಂದು ಮಿಡಿತವನ್ನೂ ಅನುಕರಿಸುವುದು ಇನ್ನೊಂದು. ಹೆಸರು ಒಂದೇ ಆದರೂ ನಿಖರತೆ ಬೇರೆ ಬೇರೆ.

ನಂಬಿಕೆ 2: ಎಫ್‌ಪಿಜಿಎ ಅನುಕರಣೆಯಲ್ಲ, ಅಸಲಿ ಯಂತ್ರವೇ

ಇದೂ ಸರಿಯಲ್ಲ. ಎಫ್‌ಪಿಜಿಎ ಒಳಗೆ ಹಳೆಯ ಚಿಪ್ಪಿನ ಟ್ರಾನ್ಸಿಸ್ಟರುಗಳಿಲ್ಲ. ಇರುವುದು ಆ ಚಿಪ್ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಒಬ್ಬರು ಅರ್ಥಮಾಡಿಕೊಂಡು ಬರೆದ ವಿವರಣೆ. ಅರ್ಥಮಾಡಿಕೊಂಡದ್ದರಲ್ಲಿ ತಪ್ಪಿದ್ದರೆ ಯಂತ್ರದಲ್ಲೂ ತಪ್ಪಿರುತ್ತದೆ. ಎಫ್‌ಪಿಜಿಎ ಯಂತ್ರಗಳಿಗೆ ಆಗಾಗ ‘ದೋಷ ಸರಿಪಡಿಸಲಾಗಿದೆ’ ಎಂಬ ಅಪ್‌ಡೇಟುಗಳು ಬರುವುದು ಇದೇ ಕಾರಣಕ್ಕೆ. ಅಸಲಿ ಸ್ಪೆಕ್ಟ್ರಮ್‌ಗೆ ಅಪ್‌ಡೇಟ್ ಬರುವುದಿಲ್ಲ!

ಹಾಗಾದರೆ ಈ ತಿಳಿವಳಿಕೆ ಎಲ್ಲಿಂದ ಬರುತ್ತದೆ? ಹಳೆಯ ಕೈಪಿಡಿಗಳಿಂದ, ಅಸಲಿ ಯಂತ್ರಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ, ಚಿಪ್ಪನ್ನು ಒಡೆದು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳಿಂದ. ಸ್ಪೆಕ್ಟ್ರಮ್‌ನ ಯುಎಲ್‌ಎ ಒಳಗೆ ಏನಿದೆ ಎಂದು ಕ್ರಿಸ್ ಸ್ಮಿತ್ ಎಂಬವರು ಹೀಗೆ ಬಿಡಿಸಿ ನೋಡಿ 2010ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಂಥ ತಿಳಿವಳಿಕೆ ಸಾಫ್ಟ್‌ವೇರ್ ಬರೆಯುವವರಿಗೂ ಎಫ್‌ಪಿಜಿಎ ಬರೆಯುವವರಿಗೂ ಸಮಾನ ಸ್ವತ್ತು. ವೈಸ್ ತಂಡ ಕೂಡಿಸಿಟ್ಟಿರುವ ಪರೀಕ್ಷಾ ಪ್ರೋಗ್ರಾಮ್‌ಗಳನ್ನೇ ಎಫ್‌ಪಿಜಿಎ ಬರೆಯುವವರೂ ಬಳಸುತ್ತಾರೆ.

ಇನ್ನೂ ಒಂದು ಸ್ವಾರಸ್ಯವಿದೆ. ಅದೇ 2010ರ ಹೊತ್ತಿಗೆ ವಿಷುವಲ್ 6502 ಎಂಬ ಯೋಜನೆಯವರು 6502 ಚಿಪ್ಪಿನ ಹೊರಕವಚ ತೆಗೆದು, ಒಳಗಿನ ಸುಮಾರು 3,500 ಟ್ರಾನ್ಸಿಸ್ಟರುಗಳು ಹೇಗೆ ಜೋಡಣೆಯಾಗಿವೆ ಎಂದು ಚಿತ್ರ ನೋಡಿ ಗುರುತಿಸಿದರು. ಆಮೇಲೆ ಆ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಅನುಕರಿಸಿ ತೋರಿಸಿದರು. ಯಾವುದರಲ್ಲಿ? ಬ್ರೌಸರಿನಲ್ಲಿ ಓಡುವ ಸಾಫ್ಟ್‌ವೇರ್‌ನಲ್ಲಿ. ಅದು ಅಸಲಿ ಚಿಪ್ಪಿಗಿಂತ ಎಷ್ಟೋ ಪಟ್ಟು ನಿಧಾನ, ಅದರಲ್ಲಿ ಆಟ ಆಡಲಾಗದು. ಆದರೆ ಮೂಲ ಚಿಪ್ಪಿನ ರಚನೆಗೆ ಅಷ್ಟು ಹತ್ತಿರ ಹೋದದ್ದು ಸಾಫ್ಟ್‌ವೇರ್ ಎಂಬುದನ್ನು ಗಮನಿಸಿ. ನಿಖರತೆ ನಿಂತಿರುವುದು ಎಷ್ಟು ಆಳಕ್ಕೆ ಇಳಿದು ಅನುಕರಿಸಿದ್ದೇವೆ ಎನ್ನುವುದರ ಮೇಲೆ. ಯಾವುದರಲ್ಲಿ ಬರೆದಿದ್ದೇವೆ ಎನ್ನುವುದು ಎರಡನೆಯ ಮಾತು.

‘ಅಸಲಿ’ ಎನ್ನುವುದೇ ಒಂದಲ್ಲ

ಕೆಲವೆಡೆ ಅಸಲಿ ಯಂತ್ರಗಳೇ ಒಂದಕ್ಕೊಂದು ಹೊಂದುವುದಿಲ್ಲ. ಕೊಮೊಡೋರ್ 64ರ ಸದ್ದಿನ ಚಿಪ್ ಸಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಬಾಬ್ ಯಾನಿಸ್ ರೂಪಿಸಿದ ಈ ಚಿಪ್ಪಿನಲ್ಲಿ ಸದ್ದನ್ನು ಸೋಸುವ ಭಾಗ ಅನಲಾಗ್ ಬಗೆಯದು, ಅಂದರೆ ಸೊನ್ನೆ-ಒಂದುಗಳ ಲೆಕ್ಕವಲ್ಲ, ಏರಿಳಿಯುವ ವಿದ್ಯುತ್ತು. ತಯಾರಿಕೆಯಲ್ಲಿನ ಸಣ್ಣ ವ್ಯತ್ಯಾಸಗಳಿಂದ ಒಂದು 6581 ಚಿಪ್ಪಿನ ನಾದ ಇನ್ನೊಂದರ ಹಾಗಿರುತ್ತಿರಲಿಲ್ಲ. ಒಂದೇ ಹಾಡು ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಬೇರೆಯಾಗಿ ಕೇಳಿಸುತ್ತಿತ್ತು.

ಆ ಚಿಪ್ಪಿನಲ್ಲಿ ಒಂದು ಕುಂದೂ ಇತ್ತು. ಧ್ವನಿಯ ಮಟ್ಟವನ್ನು ಬದಲಿಸಿದರೆ ‘ಟಿಕ್’ ಎಂದು ಸದ್ದಾಗುತ್ತಿತ್ತು. ಸಂಗೀತಗಾರರು ಆ ಟಿಕ್‌ಗಳನ್ನೇ ಸೆಕೆಂಡಿಗೆ ಸಾವಿರಾರು ಬಾರಿ ಮಾಡಿಸಿ, ಅದರಿಂದ ಮನುಷ್ಯರ ಮಾತು, ಡ್ರಮ್ಮಿನ ಸದ್ದು ಹೊರಡಿಸಿದರು. ಮುಂದೆ ಬಂದ 8580 ಮಾದರಿಯಲ್ಲಿ ಆ ಕುಂದನ್ನು ಸರಿಪಡಿಸಿದಾಗ ಹಳೆಯ ಆಟಗಳ ಮಾತು ಬಹಳ ಮೆಲ್ಲಗೆ ಕೇಳುವಂತಾಯಿತು! ಇಲ್ಲಿ ಎಮ್ಯುಲೇಟರ್ ಯಾವ ಸಿಡ್ಡನ್ನು ಅನುಕರಿಸಬೇಕು?

ಎಫ್‌ಪಿಜಿಎ ಪೂರ್ತಿ ಡಿಜಿಟಲ್ ಚಿಪ್. ಅನಲಾಗ್ ಭಾಗವನ್ನು ಅದೂ ಲೆಕ್ಕ ಹಾಕಿಯೇ ಅನುಕರಿಸಬೇಕು, ಸಾಫ್ಟ್‌ವೇರ್ ಹಾಗೆಯೇ. ಈ ವಿಚಾರದಲ್ಲಿ ಅದಕ್ಕೆ ಹುಟ್ಟಿನಿಂದ ಬಂದ ಹೆಚ್ಚುಗಾರಿಕೆ ಯಾವುದೂ ಇಲ್ಲ.

6502 ಪ್ರೊಸೆಸರಿನಲ್ಲೂ ಇಂಥ ಒಂದು ಮೂಲೆಯಿದೆ. ಕೈಪಿಡಿಯಲ್ಲಿ ಇಲ್ಲದ ಕೆಲವು ಆದೇಶಗಳಲ್ಲಿ ಒಂದರ ಫಲಿತಾಂಶ ಚಿಪ್ಪಿನಿಂದ ಚಿಪ್ಪಿಗೆ, ಚಿಪ್ ಎಷ್ಟು ಬಿಸಿಯಾಗಿದೆ ಎನ್ನುವುದರ ಮೇಲೂ ಬದಲಾಗುತ್ತದೆ. ಅಂಥ ಕಡೆ ‘ನೂರಕ್ಕೆ ನೂರು ನಿಖರ’ ಎಂಬ ಮಾತಿಗೇ ಅರ್ಥವಿಲ್ಲ.

ನಂಬಿಕೆ 3: ಎಫ್‌ಪಿಜಿಎಯಲ್ಲಿ ತಡವೇ ಆಗುವುದಿಲ್ಲ

ಚಾಲ್ತಿಯಲ್ಲಿರುವ ಮಾತಿನಲ್ಲಿ ಸ್ವಲ್ಪ ನಿಜವಿದೆ ಎಂದೆವಲ್ಲ, ಅದು ಇರುವುದು ಇಲ್ಲಿ. ನಮ್ಮ ಒಂಟಿ ಭಟ್ಟರಿಗೆ ಒಂದು ತೊಂದರೆಯಿದೆ: ಮನೆಯವರು ಆಗಾಗ ಬೇರೆ ಕೆಲಸಕ್ಕೆ ಕರೆಯುತ್ತಾರೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಎಮ್ಯುಲೇಟರ್ ಜೊತೆಗೆ ವೈಫೈ, ಆಂಟಿವೈರಸ್, ಬ್ರೌಸರ್ ಎಲ್ಲವನ್ನೂ ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಬಡಿಸುವುದು ನಿಲ್ಲಬಾರದೆಂದು ಅವರು ಸ್ವಲ್ಪ ಅಡುಗೆಯನ್ನು ಮೊದಲೇ ಮಾಡಿಟ್ಟುಕೊಳ್ಳುತ್ತಾರೆ. ಇದನ್ನೇ ಬಫರ್ ಎನ್ನುವುದು. ಸದ್ದಿಗೆ ಒಂದಿಷ್ಟು ಮಿಲಿಸೆಕೆಂಡುಗಳ ಬಫರ್, ಚಿತ್ರಕ್ಕೆ ಒಂದೋ ಎರಡೋ ಚಿತ್ರಗಳಷ್ಟು ಬಫರ್. 50 ಹರ್ಟ್ಸ್ ಯಂತ್ರದಲ್ಲಿ ಒಂದು ಚಿತ್ರವೆಂದರೆ 20 ಮಿಲಿಸೆಕೆಂಡು. ಇದಕ್ಕೆ ಯುಎಸ್‌ಬಿ ಕೀಲಿಮಣೆಯ ತಡ ಸೇರುತ್ತದೆ; ಸಾಮಾನ್ಯ ಕೀಲಿಮಣೆಗಳನ್ನು ಕಂಪ್ಯೂಟರ್ ವಿಚಾರಿಸುವುದು 8 ಮಿಲಿಸೆಕೆಂಡಿಗೊಮ್ಮೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಜಿಗಿದದ್ದಕ್ಕೂ ನಡುವಿನ ಅಂತರ ಕೈಗೆ ತಿಳಿಯುವಷ್ಟಾಗಬಹುದು.

ಇನ್ನೊಂದು ತೊಡಕು: ಬಹುತೇಕ ಲ್ಯಾಪ್‌ಟಾಪ್ ಪರದೆಗಳು ಸೆಕೆಂಡಿಗೆ 60 ಚಿತ್ರ ತೋರಿಸುತ್ತವೆ. ಯುರೋಪಿನ ಹಳೆಯ ಯಂತ್ರ ಕೊಡುವುದು 50. ಐದು ಚಿತ್ರಗಳನ್ನು ಆರು ಜಾಗಗಳಿಗೆ ಹಂಚಬೇಕಾದ್ದರಿಂದ ಪ್ರತಿ ಸಲ ಒಂದು ಚಿತ್ರ ಎರಡು ಬಾರಿ ಬರುತ್ತದೆ. ಮೆಲ್ಲಗೆ ಸರಿಯಬೇಕಾದ ಹಿನ್ನೆಲೆ ಕುಲುಕುತ್ತಾ ಸರಿಯುತ್ತದೆ.

ಎಫ್‌ಪಿಜಿಎಗೆ ಈ ಕಾಟ ಕಡಿಮೆ. ನಡುವೆ ಆಪರೇಟಿಂಗ್ ಸಿಸ್ಟಮ್ ಇಲ್ಲದ ಕಾರಣ ಅದು ಚಿತ್ರವನ್ನು ಗೆರೆ ಗೆರೆಯಾಗಿ, ಹಳೆಯ ಯಂತ್ರದ ಹಾಗೆಯೇ ಹೊರಗೆ ಕಳಿಸಬಲ್ಲದು. ಹಳೆಯ ದಪ್ಪ ಟಿವಿಗೆ ಜೋಡಿಸಿದರೆ ತಡ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಎಚ್‌ಡಿಎಂಐ ಮೂಲಕ ಹೊಸ ಟಿವಿಗೆ ಜೋಡಿಸಿದರೆ ಚಿತ್ರವನ್ನು ಹಿಗ್ಗಿಸಬೇಕು, ಅದಕ್ಕೆ ಕೆಲವು ಗೆರೆಗಳನ್ನೋ ಇಡೀ ಚಿತ್ರವನ್ನೋ ಹಿಡಿದಿಡಬೇಕು. ಆಮೇಲೆ ಟಿವಿಯೂ ತನ್ನ ಸಂಸ್ಕರಣೆಗೆ ಸಮಯ ತೆಗೆದುಕೊಳ್ಳುತ್ತದೆ. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕದೆ ಎಫ್‌ಪಿಜಿಎ ಕೊಂಡರೆ ಉಳಿಸಿದ ತಡವನ್ನೆಲ್ಲ ಟಿವಿಯೇ ನುಂಗಿಬಿಡಬಹುದು.

ಸಾಫ್ಟ್‌ವೇರ್ ಕೂಡ ಸುಮ್ಮನೆ ಕೂತಿಲ್ಲ. 2018ರಿಂದ ರೆಟ್ರೋಆರ್ಕ್ ಎಂಬ ತಂತ್ರಾಂಶದಲ್ಲಿ ಒಂದು ಉಪಾಯವಿದೆ: ಆಟದ ಸ್ಥಿತಿಯನ್ನು ಉಳಿಸಿಟ್ಟುಕೊಂಡು, ಒಂದೆರಡು ಚಿತ್ರ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನೇ ಈಗ ತೋರಿಸುವುದು, ಬಳಿಕ ಹಿಂದಕ್ಕೆ ಬಂದು ಮತ್ತೆ ಹಾಗೆಯೇ ಮಾಡುವುದು. ಇದಕ್ಕೆ ಬಲವಾದ ಕಂಪ್ಯೂಟರ್ ಬೇಕು. ಆದರೆ ಆಟದೊಳಗೇ ಇದ್ದ ತಡವನ್ನೂ ಇದು ಕಳೆಯಬಲ್ಲದು, ಅದು ಅಸಲಿ ಯಂತ್ರಕ್ಕೂ ಆಗದ ಕೆಲಸ.

ಗೆರೆ ಎಲ್ಲಿ ಎಳೆಯುವುದು?

ಹಾಳಾದ ಸಿಡ್ ಚಿಪ್ಪಿನ ಜಾಗದಲ್ಲಿ ಕೂರಿಸಲು ಇಂದು ಬದಲಿ ಚಿಪ್‌ಗಳು ಸಿಗುತ್ತವೆ. ಅವುಗಳಲ್ಲಿ ಎಫ್‌ಪಿಜಿಎಸಿಡ್ ಹೆಸರೇ ಹೇಳುವಂತೆ ಎಫ್‌ಪಿಜಿಎ. ಆರ್ಮ್‌ಸಿಡ್ ಒಳಗಿರುವುದು ಒಂದು ಪುಟ್ಟ ಪ್ರೊಸೆಸರ್, ಅದರಲ್ಲಿ ಓಡುವುದು ಸಾಫ್ಟ್‌ವೇರ್. ಎರಡೂ ಅಸಲಿ ಕೊಮೊಡೋರ್ ಒಳಗೆ ಅಸಲಿ ಚಿಪ್ಪಿನ ಕಾಲುಗಳ ಮೇಲೆ ನಿಂತು ಕೆಲಸ ಮಾಡುತ್ತವೆ. ಅತ್ತ 2018ರಲ್ಲಿ ಕೊಮೊಡೋರ್‌ನದೇ ರೂಪದಲ್ಲಿ ಬಂದ ದಿ ಸಿ64 ಮಿನಿ ಎಂಬ ಪುಟ್ಟ ಯಂತ್ರದ ಒಳಗಿರುವುದು ಸಾಫ್ಟ್‌ವೇರ್ ಎಮ್ಯುಲೇಟರ್. ಹೊರಗೆ ಪೆಟ್ಟಿಗೆ ಇದ್ದ ಮಾತ್ರಕ್ಕೆ ಒಳಗೆ ಹಾರ್ಡ್‌ವೇರ್ ಅನುಕರಣೆ ಇದೆ ಎಂದಲ್ಲ. ಕೊಳ್ಳುವ ಮುನ್ನ ಒಳಗೇನಿದೆ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಆಟಕ್ಕಿಂತ ದೊಡ್ಡ ಪ್ರಶ್ನೆ

1984ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. 900 ವರ್ಷ ಹಿಂದಿನ ಡೂಮ್ಸ್‌ಡೇ ಎಂಬ ಭೂದಾಖಲೆಯ ನೆನಪಿಗೆ, ಇಡೀ ದೇಶದ ದಿನನಿತ್ಯದ ಬದುಕನ್ನು ದಾಖಲಿಸುವ ಯೋಜನೆಯದು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹಳಷ್ಟು ಶಾಲಾ ಮಕ್ಕಳು, ತಮ್ಮ ಊರಿನ ಬಗ್ಗೆ ಬರೆದರು, ಚಿತ್ರ ಕಳಿಸಿದರು. ಎಲ್ಲವೂ ಲೇಸರ್ ಡಿಸ್ಕಿಗೆ ಸೇರಿತು. ಅದನ್ನು ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರ್ ಮತ್ತು ವಿಶೇಷ ಡಿಸ್ಕ್ ಪ್ಲೇಯರ್ ಬೇಕಿತ್ತು. ಹದಿನೈದೇ ವರ್ಷಗಳಲ್ಲಿ ಆ ಯಂತ್ರಗಳು ವಿರಳವಾಗಿ ಡಿಸ್ಕು ಓದಲಾಗದ ಸ್ಥಿತಿ ಬಂತು. ಮೂಲ ಡೂಮ್ಸ್‌ಡೇ ಪುಸ್ತಕವನ್ನು ಮಾತ್ರ ಇಂದಿಗೂ ತೆರೆದು ಓದಬಹುದು. ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಕ್ಯಾಮಿಲಿಯಾನ್ ಯೋಜನೆಯವರು 2002ರಲ್ಲಿ ಸಾಫ್ಟ್‌ವೇರ್ ಎಮ್ಯುಲೇಟರಿನ ಮೂಲಕ ಅದನ್ನು ಮತ್ತೆ ತೆರೆದು ತೋರಿಸಿದರು.

ಬಿಬಿಸಿ ಮೈಕ್ರೋ ನಮಗೂ ಹೊರಗಿನದಲ್ಲ. ಭಾರತದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984-85ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಆ ಕಾಲದ ಫ್ಲಾಪಿ, ಕ್ಯಾಸೆಟ್ಟುಗಳ ಕಾಂತೀಯ ಲೇಪನ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದೆ. ಹಳೆಯ ಶಾಲೆಯ ಬೀರುವಿನಲ್ಲೋ ಮನೆಯ ಅಟ್ಟದಲ್ಲೋ ಅಂಥವು ಇದ್ದರೆ ಮೊದಲು ಅವುಗಳಲ್ಲಿರುವುದನ್ನು ನಕಲು ಮಾಡಿಸಿಡಬೇಕು. ಎಮ್ಯುಲೇಟರ್ ಎಷ್ಟೇ ಚೆನ್ನಾಗಿರಲಿ, ಓಡಿಸಲು ಪ್ರೋಗ್ರಾಮ್ ಉಳಿದಿರಬೇಕಲ್ಲ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು?

– ಕುತೂಹಲಕ್ಕೆ ನೋಡಬೇಕು, ಬೇಸಿಕ್ ಕಲಿಯಬೇಕು ಎನ್ನುವವರಿಗೆ ಉಚಿತ ಸಾಫ್ಟ್‌ವೇರ್ ಎಮ್ಯುಲೇಟರ್ ಸಾಕು. ಆಟವನ್ನು ನಡುವೆ ನಿಲ್ಲಿಸಿ ಉಳಿಸುವುದು, ಮೆಮೊರಿಯ ಒಳಗೆ ಇಣುಕುವುದು ಇದರಲ್ಲಿ ಬಹಳ ಸುಲಭ.

– ಹಳೆಯ ದಪ್ಪ ಟಿವಿ, ಹಳೆಯ ಜಾಯ್‌ಸ್ಟಿಕ್, ಕಾರ್ಟ್ರಿಜ್ ಜೋಡಿಸಿ ಆಡಬೇಕು, ಗುಂಡಿ ಒತ್ತಿದ ತಕ್ಷಣ ಉತ್ತರ ಬರಬೇಕು ಎನ್ನುವವರಿಗೆ ಎಫ್‌ಪಿಜಿಎ ಒಪ್ಪುತ್ತದೆ. ಅದಕ್ಕೆ ಹಲವು ಸಾವಿರ ರೂಪಾಯಿ ಖರ್ಚಾಗುತ್ತದೆ.

– ದಾಖಲೆ ಉಳಿಸುವವರಿಗೆ ಸಾಫ್ಟ್‌ವೇರ್ ಮುಖ್ಯ. ಮುಂದೆ ಬರುವ ಹೊಸ ಕಂಪ್ಯೂಟರುಗಳಿಗೂ ಅದನ್ನು ಒಗ್ಗಿಸಬಹುದು. ಎಫ್‌ಪಿಜಿಎ ವಿವರಣೆಯನ್ನು ಬೇರೆ ಚಿಪ್ಪಿಗೆ ಒಗ್ಗಿಸುವುದು ಆಗುತ್ತದೆ, ಆದರೆ ಹೆಚ್ಚು ಶ್ರಮ.

– ಅಸಲಿ ಯಂತ್ರವೇ ಕೈಗೆ ಸಿಕ್ಕರೆ, ಪ್ಲಗ್ ಹಾಕಿ ಸ್ವಿಚ್ ಒತ್ತಬೇಡಿ. ಕೊಮೊಡೋರ್ 64ರ ಮೂಲ ಅಡಾಪ್ಟರ್ ಕೆಟ್ಟಾಗ ಹೆಚ್ಚು ವೋಲ್ಟೇಜ್ ಹರಿಸಿ ಮೆಮೊರಿ ಚಿಪ್‌ಗಳನ್ನು ಸುಡುವುದು ಹೆಸರಾದ ತೊಂದರೆ. ಬಿಬಿಸಿ ಮೈಕ್ರೋದ ಒಳಗಿನ ಹಳೆಯ ಕೆಪಾಸಿಟರುಗಳು ಬಿರುಕು ಬಿಟ್ಟು ಹೊಗೆ ಕಾರುತ್ತವೆ. ತಿಳಿದವರಿಂದ ಮೊದಲು ಪರೀಕ್ಷೆ ಮಾಡಿಸಿ.

– ಎಮ್ಯುಲೇಟರ್ ಉಚಿತವಾದರೂ ಯಂತ್ರದ ರಾಮ್‌ಗೆ, ಆಟಗಳಿಗೆ ಹಕ್ಕುದಾರರಿರುತ್ತಾರೆ. ಸ್ಪೆಕ್ಟ್ರಮ್ ರಾಮ್‌ಗಳ ಹಕ್ಕು ಹೊಂದಿದ್ದ ಆಮ್‌ಸ್ಟ್ರಾಡ್ ಕಂಪನಿ 1999ರಲ್ಲಿ ಅವುಗಳನ್ನು ಎಮ್ಯುಲೇಟರುಗಳ ಜೊತೆ ಹಂಚಲು ಒಪ್ಪಿಗೆ ಕೊಟ್ಟಿತು. ಎಲ್ಲ ಕಂಪನಿಗಳೂ ಹೀಗೆ ಮಾಡಿಲ್ಲ.

ಒಟ್ಟಿನಲ್ಲಿ, ಸಾಫ್ಟ್‌ವೇರ್ ಆಗಲಿ ಎಫ್‌ಪಿಜಿಎ ಆಗಲಿ ಎರಡೂ ಅನುಕರಣೆಯೇ. ಒಳ್ಳೆಯ ಸಾಫ್ಟ್‌ವೇರ್ ಎಮ್ಯುಲೇಟರ್ ಅರೆಬರೆ ಎಫ್‌ಪಿಜಿಎಗಿಂತ ನಿಖರವಾಗಿರಬಹುದು, ಒಳ್ಳೆಯ ಎಫ್‌ಪಿಜಿಎ ಕಳಪೆ ಸಾಫ್ಟ್‌ವೇರ್‌ಗಿಂತ ಎಷ್ಟೋ ಮೇಲಿರಬಹುದು. ಮುಂದಿನ ಸಲ ಯಾರಾದರೂ ‘ಇದು ಎಮ್ಯುಲೇಶನ್ ಅಲ್ಲ, ಅಸಲಿ’ ಎಂದು ಹೆಚ್ಚು ಬೆಲೆ ಹೇಳಿದರೆ, ಯಾವ ಮಾದರಿಯ ಯಂತ್ರವನ್ನು ಅನುಕರಿಸಿದೆ, ಯಾವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ ಎಂದು ಕೇಳಿ ನೋಡಿ.